ಗ್ಯಾಸ್ ಬೆಂಕಿ, ಸುಟ್ಟ ಕೈ, ಗ್ರಾಹಕರ ಆಯೋಗ: ನನ್ನ ಅನುಭವ

ಅಡುಗೆ ಗ್ಯಾಸಿಗೆ ವಿಮೆ ಇರುತ್ತೆ ಅನ್ನೋದು ನನಗೆ ಗೊತ್ತಾಗಿದ್ದು ಚಿಗಟೇರಿ ಜಿಲ್ಲಾಸ್ಪತ್ರೆಯ ಮಂಚದ ಮೇಲೆ. ಪಕ್ಕದ ಮಂಚದ ಅಜ್ಜಿಯ ಮಗ ಹೇಳಿದ್ದು. ನಾವು ಒಂದು ರೂಪಾಯಿ ಪ್ರೀಮಿಯಂ ಕಟ್ಟಿರುವುದಿಲ್ಲ, ತೈಲ ಕಂಪನಿಗಳೇ ಕಟ್ಟಿರುತ್ತವೆ. ಗ್ಯಾಸ್ ಅನಾಹುತದಲ್ಲಿ ಜೀವ ಹೋದರೆ ಒಬ್ಬರಿಗೆ 6 ಲಕ್ಷ. ಗಾಯವಾದರೆ ಚಿಕಿತ್ಸೆಗೆ ಒಬ್ಬರಿಗೆ 2 ಲಕ್ಷದವರೆಗೆ, ಒಂದು ಘಟನೆಗೆ ಒಟ್ಟು 30 ಲಕ್ಷದವರೆಗೆ. ಕನೆಕ್ಷನ್ ಇರುವ ವಿಳಾಸದ ಮನೆಗೆ ಹಾನಿಯಾದರೆ 2 ಲಕ್ಷದವರೆಗೆ. ನಮ್ಮ ಏಜೆನ್ಸಿಯವರು ಆಸ್ಪತ್ರೆಗೆ ಹಣ್ಣು ತಂದರು, ನಮ್ಮ ಯಜಮಾನರ ಹತ್ತಿರ ಅರ್ಧ ಗಂಟೆ ಮಾತಾಡಿದರು, ಈ ವಿಷಯ ಮಾತ್ರ ಬಾಯಿ ಬಿಡಲಿಲ್ಲ.

ನಾನು ದಾವಣಗೆರೆಯ ನಿಟುವಳ್ಳಿಯಲ್ಲಿ ಮನೇಲೇ ಬ್ಲೌಸ್ ಹೊಲಿಯುವವಳು. ಅವತ್ತು ಮಧ್ಯಾಹ್ನ ಸಿಲಿಂಡರ್ ತಂದ ಹುಡುಗ ತಾನೇ ರೆಗ್ಯುಲೇಟರ್ ಹಾಕಿದ. ವಾಸನೆ ಬರ್ತಿದೆಯಲ್ಲಪ್ಪ ಅಂದೆ. "ಹೊಸ ಸಿಲಿಂಡರ್ ಅಲ್ವಾ ಅಕ್ಕ, ಸ್ವಲ್ಪ ಹೊತ್ತು ಹಂಗೇ" ಅಂದು ಹೊರಟ. ರೆಗ್ಯುಲೇಟರ್ ಆಫ್ ಮಾಡಿದರೂ ವಾಸನೆ ನಿಲ್ಲಲಿಲ್ಲ. ಕಿಟಕಿ ತೆಗೆದೆ, ಏಜೆನ್ಸಿಗೆ ಫೋನ್ ಮಾಡಿದೆ, ಮೆಕ್ಯಾನಿಕ್ ಕಳಿಸ್ತೀವಿ ಅಂದರು, ಯಾರೂ ಬರಲಿಲ್ಲ. (ಇಂಥದ್ದಕ್ಕೆ 1906 ಅಂತ ತುರ್ತು ನಂಬರ್ ಇದೆ, ಫೋನಿನಲ್ಲಿ ಹಾಕಿಟ್ಟುಕೊಳ್ಳಿ.) ಗ್ಯಾಸ್ ಗಾಳಿಗಿಂತ ಭಾರ. ಕಿಟಕಿಯಿಂದ ಹೋಗೋದು ಕಡಿಮೆ, ನೆಲದ ಮೇಲೇ ಹರಡುತ್ತಾ ಹೋಗುತ್ತೆ. ನಮ್ಮ ದೇವರ ಮೂಲೆ ಅಡುಗೆಮನೆ ಬಾಗಿಲಿನ ಪಕ್ಕ, ಅಲ್ಲಿ ನಂದಾದೀಪ ಇತ್ತು.

ಬಲಗೈ ಪೂರ್ತಿ, ಕುತ್ತಿಗೆ, ಎದೆಯ ಒಂದು ಭಾಗ ಸುಟ್ಟಿತು. ಅತ್ತೆ ನನ್ನ ಕೈಯನ್ನು ನಲ್ಲಿ ಕೆಳಗೆ ಹಿಡಿದವರು ಆಟೋ ಬರೋವರೆಗೂ ಬಿಡಲಿಲ್ಲ. ಪಕ್ಕದ ಮನೆಯವರು ಟೂತ್‌ಪೇಸ್ಟ್ ತಂದರೆ ಬೈದು ಕಳಿಸಿದರು. 20 ನಿಮಿಷ ಹರಿಯುವ ತಣ್ಣೀರು, ಅಷ್ಟೇ ಮಾಡಬೇಕಾಗಿದ್ದು ಅಂತ ಆಮೇಲೆ ಡಾಕ್ಟರ್ ಕೂಡ ಹೇಳಿದರು.

ಕೇಸ್ ನಿಂತಿದ್ದೂ ಅತ್ತೆಯಿಂದಲೇ. ಬೆಂಕಿ ಆರಿಸಿದ ಅಗ್ನಿಶಾಮಕದವರು ಸಿಲಿಂಡರನ್ನು ಅಂಗಳಕ್ಕೆ ತಂದಿಟ್ಟು ಹೋಗಿದ್ದರು. ಸಂಜೆಗೇ ಏಜೆನ್ಸಿಯ ಇಬ್ಬರು ಹುಡುಗರು ಬಂದು, ಇದನ್ನ ಕೊಡಿ, ಹೊಸದನ್ನ ಫ್ರೀ ಕೊಡ್ತೀವಿ ಅಂದರಂತೆ. "ಪೊಲೀಸ್ನೋರು ಬಂದು ನೋಡೋ ತನಕ ಇದನ್ನ ಯಾರೂ ಮುಟ್ಟಂಗಿಲ್ಲ ನೋಡ್ರಪ್ಪ" ಅಂದು ಅತ್ತೆ ಗೇಟಿಗೆ ಬೀಗ ಹಾಕಿದರು. ಓದಿದ್ದು ನಾಲ್ಕನೇ ಕ್ಲಾಸು. ಮರುದಿನ ಪೊಲೀಸರು ಪಂಚರ ಮುಂದೆ ಮಹಜರು ಮಾಡಿ ಸಿಲಿಂಡರ್, ರೆಗ್ಯುಲೇಟರ್, ಪೈಪ್ ಎಲ್ಲ ಜಪ್ತಿ ಮಾಡಿದರು. ವಿಧಿವಿಜ್ಞಾನ ಪ್ರಯೋಗಾಲಯದ ವರದಿಯಲ್ಲಿ ವಾಲ್ವಿನ ಪಿನ್ ಸರಿಯಾಗಿ ಕೂರುತ್ತಿಲ್ಲ ಅಂತ ಬಂತು. ಅವತ್ತು ಸಂಜೆ ಸಿಲಿಂಡರ್ ವಾಪಸ್ ಹೋಗಿದ್ದರೆ ಆ ಒಂದು ಸಾಲು ಎಲ್ಲಿಂದ ಬರ್ತಿತ್ತು?

ಆಸ್ಪತ್ರೆಯಲ್ಲಿ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್, ಅಂದರೆ ಪೊಲೀಸರಿಗೆ ತಿಳಿಸುವ ಗಾಯ ಅಂತ ದಾಖಲೆ) ಮಾಡಿಸಲೇಬೇಕು. ಹೆಂಗಸಿನ ಮೈ ಸುಟ್ಟಿದೆ ಅಂದರೆ ಪೊಲೀಸರ ಮೊದಲ ಅನುಮಾನ ಗಂಡನ ಮನೆಯ ಮೇಲೆ. ನಮ್ಮ ಯಜಮಾನರನ್ನು ಹೊರಗೆ ಕಳಿಸಿ, ನಾನು ಮಾತಾಡುವ ಸ್ಥಿತಿಯಲ್ಲಿದ್ದೀನಿ ಅಂತ ಡಾಕ್ಟರ್ ಹತ್ತಿರ ಬರೆಸಿಕೊಂಡು, ಆಮೇಲೆ ಹೇಳಿಕೆ ತಗೊಂಡರು. ಯಜಮಾನರಿಗೆ ತುಂಬಾ ಬೇಜಾರಾಯಿತು. ನನಗೆ ಆಗಲಿಲ್ಲ, ಹೀಗೆ ಗಂಡನನ್ನ ಹೊರಗಿಟ್ಟು ಕೇಳೋ ಪದ್ಧತಿ ಸುಮ್ನೆ ಬಂದಿಲ್ಲ. ಸಿಲಿಂಡರ್ ಯಾವಾಗ ಬಂತು, ಹುಡುಗ ಏನಂದ, ಏಜೆನ್ಸಿಗೆ ಎಷ್ಟು ಹೊತ್ತಿಗೆ ಫೋನ್ ಮಾಡಿದೆ ಅಂತ ಆ ಹೇಳಿಕೆಯಲ್ಲೇ ಬರೆಸಿದೆ. ಮೊದಲ ದಿನದ ಹೇಳಿಕೆಗೆ ಇರುವ ತೂಕ ಆಮೇಲೆ ನೆನಪಾಗಿ ಹೇಳಿದ್ದಕ್ಕೆ ಇರುವುದಿಲ್ಲ.

ಏಜೆನ್ಸಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ, ಅದನ್ನೇ ತೈಲ ಕಂಪನಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ವಿಮಾ ಕಂಪನಿಗೆ ತಿಳಿಸುವುದು ಅವರ ಕೆಲಸ, ನಾವು ವಿಮಾ ಆಫೀಸ್ ಹುಡುಕಿಕೊಂಡು ಅಲೆಯಬೇಕಿಲ್ಲ. ಉಳಿದ ಕಾಗದ ನಮ್ಮ ಯಜಮಾನರು ಒಂದು ಬಟ್ಟೆ ಅಂಗಡಿ ಚೀಲದಲ್ಲಿ ತುಂಬುತ್ತಾ ಹೋದರು: ಸಿಲಿಂಡರ್ ಬಿಲ್ಲು, ಬುಕಿಂಗ್ ಮೆಸೇಜು, ಕಾಲ್ ಲಿಸ್ಟು, ಗ್ಯಾಸ್ ಪೈಪಿನ ಹಳೇ ರಸೀದಿ, ಅಗ್ನಿಶಾಮಕ ಠಾಣೆಯ ವರದಿ, ಎಫ್‌ಐಆರ್, ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ಡಾಕ್ಟರ್ ಕೊಡುವ ಪತ್ರ). ಪೈಪಿನ ರಸೀದಿ ಏನಕ್ಕೆ ಅಂದುಕೊಂಡಿದ್ದೆ. ಸುರಕ್ಷಾ ಪೈಪಿನ ಅವಧಿ 5 ವರ್ಷ. ಆಮೇಲೆ ಕೇಸಿನಲ್ಲಿ ಎದುರಿನವರು, ಅಂದರೆ ಏಜೆನ್ಸಿ ಕಡೆಯವರು, ಮೊದಲು ಎತ್ತಿದ್ದೇ ನಿಮ್ಮ ಪೈಪ್ ಹಳೇದು ಅಂತ. ರಸೀದಿ ತೋರಿಸಿದ ಮೇಲೆ ಆ ಮಾತು ಬಿಟ್ಟರು.

ಕೈ ವಿಷಯ ಸ್ವಲ್ಪ ಜಾಸ್ತಿ ಬರೀತೀನಿ, ಪರಿಹಾರದ ಲೆಕ್ಕ ಇರುವುದೇ ಅದರಲ್ಲಿ. ತೊಡೆಯ ಚರ್ಮ ತೆಗೆದು ಗ್ರಾಫ್ಟ್ ಹಾಕಿದರು, ಮುಂಗೈ ಮೇಲೆ ಈಗಲೂ ಜರಡಿಯ ಹಾಗೆ ಗುರುತಿದೆ. ಗಾಯ ಮಾಗಿದರೆ ಮುಗೀತು ಅಂದುಕೊಳ್ಳಬೇಡಿ. ಮಾಗಿದ ಚರ್ಮ ಬಿಗಿಯುತ್ತೆ, ಬೆರಳನ್ನ ಒಳಗೆ ಎಳೆಯುತ್ತೆ. ಅದಕ್ಕೇ ಒತ್ತಡದ ಗ್ಲೌಸ್. ದಿನಕ್ಕೆ 23 ಗಂಟೆ ಹಾಕಿರಬೇಕು, ವರ್ಷದ ಮೇಲೂ ಬಿಡುವ ಹಾಗಿಲ್ಲ, ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಒಳಗೆ ಬೆವರು, ಮೇಲೆ ತುರಿಕೆ, ಕೆರೆಯೋಕೂ ಆಗಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಇದ್ಯಾವುದೂ ಇರಲಿಲ್ಲ. ಮೈ ಶೇಕಡಾ ಎಷ್ಟು ಸುಟ್ಟಿದೆ ಅಂತ ಮಾತ್ರ ಇತ್ತು. ಒಂದು ಕೈ ಪೂರ್ತಿ ಸುಟ್ಟರೂ ಅದು ಶೇ 9 ಅಷ್ಟೇ. ಕಾಗದದ ಮೇಲೆ ಚಿಕ್ಕ ಸಂಖ್ಯೆ. ಹಾಗಾಗಿ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗಿ, ಈ ಕೈಯಲ್ಲಿ ಏನೇನು ಮಾಡೋಕಾಗಲ್ಲ ಅಂತ ಬರೆದುಕೊಡಿ ಸಾರ್ ಅಂದೆ. ಹೆಬ್ಬೆರಳು ಕಿರುಬೆರಳಿಗೆ ಮುಟ್ಟುವುದಿಲ್ಲ, ಕತ್ತರಿ ಹಿಡಿದು ಒತ್ತಲು ಆಗುವುದಿಲ್ಲ ಅಂತ ಬರೆದರು. ಅಂಗ ಎಷ್ಟು ಊನವಾಗಿದೆ ಅನ್ನೋದಕ್ಕಿಂತ ಅದರಿಂದ ದುಡಿಮೆ ಎಷ್ಟು ಕೆಟ್ಟಿದೆ ಅಂತ ನೋಡಬೇಕು ಅಂತ ಸುಪ್ರೀಂ ಕೋರ್ಟ್ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅದು ವಾಹನ ಅಪಘಾತದ ಕೇಸು, ಆದರೂ ನಾನು ಉಪಯೋಗಿಸಿಕೊಂಡೆ.

ವಿಮೆಯಿಂದ ಬಂದಿದ್ದು ಆಸ್ಪತ್ರೆ ಖರ್ಚು. ದುಡಿಮೆ, ನೋವು, ಮುಂದಿನ ಆಪರೇಷನ್? ಅದಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದೆ. ಪೊಲೀಸ್ ಕೇಸ್ ಮುಗಿಯಲಿ ಅಂತ ಕಾಯಬೇಡಿ, ಎರಡೂ ಬೇರೆ ಬೇರೆ. ಇಲ್ಲಿ ಗಡುವು 2 ವರ್ಷ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಫೀಸನ್ನು ನಾವು ಕೇಳುವ ಪರಿಹಾರದ ಮೇಲೆ ಲೆಕ್ಕ ಹಾಕುವುದಿಲ್ಲ, ಕೊಟ್ಟ ಬೆಲೆಯ ಮೇಲೆ ಹಾಕುತ್ತಾರೆ. 5 ಲಕ್ಷದವರೆಗೆ ಫೀಸೇ ಇಲ್ಲ. ಸಿಲಿಂಡರಿನ ಬೆಲೆ ಎಷ್ಟು ಹೇಳಿ! ವಕೀಲರು ಬೇಕೇಬೇಕು ಅಂತಲೂ ಇಲ್ಲ, ನಾನೇ ನಿಂತೆ. ಹಾಗೆ ನಿಲ್ಲೋಕೆ ಹೆದರಿಕೆ ಆದರೆ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಉಚಿತವಾಗಿ ಕೊಡುತ್ತಾರೆ, ಫೋನ್ 15100.

ನೋಟಿಸ್ ಮುಟ್ಟಿದ 30 ದಿನದಲ್ಲಿ ಎದುರಿನವರು ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನೂ 15 ದಿನ ಸಿಗುತ್ತೆ. ಅದರಾಚೆ ಒಂದು ದಿನವೂ ಕೊಡುವ ಹಾಗಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ಉತ್ತರ ಬಂತು. ದೀಪ ಹಚ್ಚಿಟ್ಟಿದ್ದು ಆಕೆಯ ನಿರ್ಲಕ್ಷ್ಯ ಅಂತ ಒಂದು. ಆಕೆ ಗೃಹಿಣಿ, ಆದಾಯವೇ ಇಲ್ಲ ಅಂತ ಇನ್ನೊಂದು. ಮೊದಲನೆಯದಕ್ಕೆ ನನ್ನ ಕಾಲ್ ಲಿಸ್ಟೇ ಉತ್ತರ: ಅನಾಹುತಕ್ಕೆ ಮುಂಚೆಯೇ ಅವರ ನಂಬರಿಗೆ ಕರೆ ಹೋಗಿದೆ, ಮಾತಾಡಿದ್ದಾರೆ, ಆದರೂ ವಾಲ್ವಿಗೆ ಕ್ಯಾಪ್ ಹಾಕಿ ದೀಪ ಆರಿಸಿ ಅಂತ ಒಂದು ಮಾತು ಹೇಳಿಲ್ಲ.

ಎರಡನೆಯದು ಓದಿ ಮೈ ಉರಿಯಿತು. ನನ್ನ ಹತ್ತಿರ ಬಿಲ್ ಬುಕ್ ಇಲ್ಲ, ಜಿಎಸ್‌ಟಿ ಇಲ್ಲ. ಇರುವುದು ಅಳತೆ ಪುಸ್ತಕ. ಪ್ರತಿ ಪುಟದಲ್ಲಿ ಹೆಸರು, ಎದೆ, ಸೊಂಟ, ತೋಳು, ಲೈನಿಂಗ್ ಹೌದೋ ಅಲ್ಲವೋ, ಮೂಲೆಯಲ್ಲಿ ಕೂಲಿ, ಅಡ್ವಾನ್ಸ್ ಎಷ್ಟು, ಬಾಕಿ ಎಷ್ಟು. ಕೆಲವು ಪುಟಕ್ಕೆ ಬಟ್ಟೆಯ ಚೂರು ಪಿನ್ ಮಾಡಿದ್ದೂ ಹಾಗೇ ಇತ್ತು. ಅದನ್ನು ಜೆರಾಕ್ಸ್ ಮಾಡಿಸಿ, ಬೀದಿಯ ಗಿರಾಕಿಗಳ ಪ್ರಮಾಣಪತ್ರ ಜೊತೆಗಿಟ್ಟೆ. ಮನೆಕೆಲಸದ ಬೆಲೆಗೆ ಲತಾ ವಾಧ್ವಾ ಪ್ರಕರಣದ ತೀರ್ಪು ತೋರಿಸಿದೆ. ಅದೂ ಬೆಂಕಿ ಅನಾಹುತವೇ, 1989ರ ಮಾರ್ಚಿನಲ್ಲಿ ಜಮ್‌ಶೆಡ್‌ಪುರದಲ್ಲಿ ಆಗಿದ್ದು. ಗೃಹಿಣಿಯ ಕೆಲಸಕ್ಕೆ ತಿಂಗಳಿಗೆ 3,000 ರೂಪಾಯಿ ಅಂತ ಸುಪ್ರೀಂ ಕೋರ್ಟ್ 2001ರಲ್ಲಿ ಲೆಕ್ಕ ಹಿಡಿದಿತ್ತು. ಆಗಲೇ ಅಷ್ಟಾದರೆ ಈಗ ಎಷ್ಟು ಅಂತ ನೀವೇ ಹೇಳಿ ಅಂತ ಕೇಳಿದೆ. ಆಯೋಗದ ಅಧ್ಯಕ್ಷರು ಅಳತೆ ಪುಸ್ತಕದ ಮೂಲಪ್ರತಿ ತರಿಸಿಕೊಂಡು ತುಂಬಾ ಹೊತ್ತು ತಿರುವಿದರು.

ಕೇಳಿದ್ದಷ್ಟು ಕೊಡಲಿಲ್ಲ. ಆದರೆ ಹೊಲಿಗೆಯ ಆದಾಯ ಒಪ್ಪಿಕೊಂಡು, ಮುಂದಿನ ಆಪರೇಷನ್ನಿಗೂ ಸೇರಿಸಿ, ಬಡ್ಡಿ ಸಮೇತ ಆದೇಶವಾಯಿತು. ಎದುರಿನವರು ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗ್ತೀವಿ ಅಂದರು. ಹೋಗಬೇಕಾದರೆ ಅರ್ಧ ದುಡ್ಡು ಮೊದಲೇ ಠೇವಣಿ ಇಡಬೇಕು, 45 ದಿನದ ಒಳಗೆ. ಹೋಗಲಿಲ್ಲ, ದುಡ್ಡೂ ಕೊಡಲಿಲ್ಲ. ಅದೇ ಗ್ರಾಹಕ ಕಾಯ್ದೆಯ ಕಲಂ 72ರ ಅಡಿ ಅರ್ಜಿ ಹಾಕಿದೆ. ಆದೇಶ ಪಾಲಿಸದಿದ್ದರೆ 3 ವರ್ಷದವರೆಗೆ ಜೈಲು ಇದೆ ಅದರಲ್ಲಿ. ಮುಂದಿನ ತಾರೀಖಿಗೆ ಡಿಡಿ ತಗೊಂಡೇ ಬಂದರು.