ಹೊರದೇಶದ ಹ್ಯಾಂಗರ್‌ಗಳಲ್ಲಿ ಬೆಂಗಳೂರಿನ ವಿಮಾನಗಳು

ವಿದೇಶಕ್ಕೆ ಹೋದಾಗಲೆಲ್ಲ ವಿಮಾನ ಸಂಗ್ರಹಾಲಯಕ್ಕೆಂದು ಒಂದಿಡೀ ದಿನ ಎತ್ತಿಡುವುದು ನನ್ನ ಅಭ್ಯಾಸ. ಸಾಲು ಸಾಲಾಗಿ ನಿಂತ ವಿಮಾನಗಳನ್ನು ಒಂದೇ ಸಮನೆ ನೋಡುತ್ತಾ ಹೋದರೆ ಸಂಜೆಯ ಹೊತ್ತಿಗೆ ಕಾಲು ನೋವಷ್ಟೇ ಉಳಿಯುತ್ತದೆ. ಅದಕ್ಕೇ ಮನೆಯಲ್ಲಿ ಕುಳಿತಾಗಲೇ ಒಂದು ವಿಮಾನವನ್ನು ಆರಿಸಿಕೊಂಡು, ಅದನ್ನು ನೋಡಲೆಂದೇ ಹೋಗುತ್ತೇನೆ. ಉಳಿದವಕ್ಕೆ ಉಳಿದ ಸಮಯ. ಆರಿಸುವಾಗ ಬೆಂಗಳೂರಿನ ನಂಟಿರುವ ವಿಮಾನಕ್ಕೇ ಮೊದಲ ಮಣೆ. ಅಂಥವು ನಾವೆಣಿಸಿದ್ದಕ್ಕಿಂತ ಹೆಚ್ಚು ದೇಶಗಳಲ್ಲಿವೆ.

ಹುಡುಕುವ ದಾರಿ ಸುಲಭ. ಪ್ರತಿ ಸೇನಾ ವಿಮಾನಕ್ಕೂ ಒಂದು ಕ್ರಮಸಂಖ್ಯೆ ಇರುತ್ತದೆ. ಅದನ್ನು ಹಿಡಿದು ಹೊರಟರೆ ಯಾವ ಕಾರ್ಖಾನೆಯಲ್ಲಿ ಹುಟ್ಟಿತು, ಯಾವ ಸ್ಕ್ವಾಡ್ರನ್‌ನಲ್ಲಿತ್ತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಪೂರ್ತಿ ಜಾತಕವೇ ಸಿಗುತ್ತದೆ. ಲಂಡನ್ನಿನ ಹೆಂಡನ್‌ನಲ್ಲಿರುವ ರಾಯಲ್ ಏರ್‌ಫೋರ್ಸ್ ಸಂಗ್ರಹಾಲಯವಂತೂ ತನ್ನ ವಿಮಾನಗಳ ಬದುಕಿನ ವಿವರವನ್ನು ಒಂದೊಂದಾಗಿ ಬರೆದು ಎಲ್ಲರಿಗೂ ಸಿಗುವಂತೆ ಇಟ್ಟಿದೆ. ಅದನ್ನು ಓದುವಾಗಲೇ ನನಗೆ ಕೆ.ಎನ್. 751 ಸಂಖ್ಯೆಯ ಲಿಬರೇಟರ್ ಬಾಂಬರ್ ಕಣ್ಣಿಗೆ ಬಿದ್ದದ್ದು.

ಈ ವಿಮಾನ 1945ರಲ್ಲಿ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪದಿಂದ ಹಾರುತ್ತಿತ್ತು. ಯುದ್ಧ ಮುಗಿದಾಗ ಅಮೆರಿಕ ಎರವಲಾಗಿ ಕೊಟ್ಟಿದ್ದ ಇಂಥ ವಿಮಾನಗಳನ್ನು ಮರಳಿಸಬೇಕಿತ್ತು, ಇಲ್ಲವೇ ನಾಶಪಡಿಸಬೇಕಿತ್ತು. ಬ್ರಿಟಿಷರು ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ಗುಡ್ಡೆ ಹಾಕಿ, ಮತ್ತೆ ಹಾರದಂತೆ ಕೆಡಿಸಿ ಹೋದರು. ಸ್ವತಂತ್ರ ಭಾರತದ ಬಳಿ ಆಗ ಒಂದೂ ಭಾರಿ ಬಾಂಬರ್ ಇರಲಿಲ್ಲ. ಬೆಂಗಳೂರಿನ ಎಚ್‌ಎಎಲ್ ತಂತ್ರಜ್ಞರು ಕಾನ್ಪುರಕ್ಕೆ ಹೋಗಿ, ಆ ರಾಶಿಯಿಂದಲೇ ಬಿಡಿಭಾಗಗಳನ್ನು ಹೆಕ್ಕಿ, ಒಂದು ಸಲ ಹಾರಿಸುವಷ್ಟು ಮಾತ್ರ ಸರಿಪಡಿಸಿ, ಒಂದೊಂದನ್ನೇ ಬೆಂಗಳೂರಿಗೆ ತಂದರು. ಹಾರಿಸಿ ತಂದ ಪೈಲಟ್ ಜಿಮ್ಮಿ ಮುನ್ಷಿ. ಇಲ್ಲಿ ಪೂರ್ತಿ ಬಿಚ್ಚಿ ಮರುಜೋಡಿಸಿದ ನಲವತ್ತರಷ್ಟು ವಿಮಾನಗಳು ವಾಯುಪಡೆಗೆ ಸೇರಿ 1968ರವರೆಗೆ ದುಡಿದವು. ಬೇರೆಲ್ಲ ಕಡೆ ಲಿಬರೇಟರ್‌ಗಳು ಗುಜರಿಗೆ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಸಂಗ್ರಹಾಲಯಗಳಿಗೆ ಒಂದು ಲಿಬರೇಟರ್ ಬೇಕೆಂದಾಗ ಅವರು ಭಾರತದ ಕಡೆ ನೋಡಬೇಕಾಯಿತು. ಕೆ.ಎನ್. 751ನ್ನು ಭಾರತ 1974ರಲ್ಲಿ ಬ್ರಿಟನ್ನಿಗೆ ಕೊಟ್ಟಿತು.

ಕಾಲಿನ್‌ಡೇಲ್ ಮೆಟ್ರೋ ನಿಲ್ದಾಣದಿಂದ ಹೆಂಡನ್ ಸಂಗ್ರಹಾಲಯಕ್ಕೆ ನಡೆದೇ ಹೋಗಬಹುದು, ಪ್ರವೇಶ ಉಚಿತ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ನೇರವಾಗಿ ಲಿಬರೇಟರ್ ಬಳಿ ನಿಂತೆ. 33 ಮೀಟರ್ ಮೀರಿದ ರೆಕ್ಕೆ. ಉದ್ದ ಹಾಗಿದ್ದರೂ ಅಗಲ ಅಚ್ಚರಿಯಾಗುವಷ್ಟು ಕಿರಿದು. ಮಂಡಿಯೂರಿ ಹೊಟ್ಟೆಯ ಭಾಗ ನೋಡಿದೆ. ಇದರ ಬಾಂಬ್ ಬಾಗಿಲು ಹೊರಕ್ಕೆ ಚಾಚಿ ತೆರೆಯುವುದಿಲ್ಲ. ಅಂಗಡಿಯ ಶಟರ್‌ನಂತೆ ಸರಿದು ಪಕ್ಕೆಯ ಮೇಲಕ್ಕೆ ಹೋಗುತ್ತದೆ. ಆ ಸರಳುಗಳ ಮೇಲೆ, ರಿವೆಟ್‌ಗಳ ಮೇಲೆ ಬೆಂಗಳೂರಿನ ಕೆಲಸಗಾರರ ಕೈ ಆಡಿತ್ತು. ಪ್ರಚಾರದ ಹಂಗಿಲ್ಲದೆ ಇಂಥ ಕೆಲಸ ಮಾಡಿದವರ ಬಗ್ಗೆ ನಮ್ಮ ಶಾಲಾ ಪುಸ್ತಕಗಳಲ್ಲಿ ಒಂದು ಸಾಲೂ ಇಲ್ಲ ಎಂಬುದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಹತ್ತಿರವಿದ್ದ ಹಿರಿಯ ಸ್ವಯಂಸೇವಕರೊಬ್ಬರು ನಾನು ಅಷ್ಟು ಹೊತ್ತು ಅಲ್ಲೇ ಇರುವುದನ್ನು ಕಂಡು ಮಾತಿಗೆ ಬಂದರು. ಕಾನ್ಪುರದ ಕಥೆ ಅವರಿಗೆ ಗೊತ್ತಿತ್ತು. ನಾನು ಬೆಂಗಳೂರಿನವನೆಂದಾಗ ಆ ಕಾರ್ಖಾನೆ ಈಗಲೂ ಇದೆಯೇ ಎಂದು ಆಸೆಯಿಂದ ಕೇಳಿದರು. ಎಲ್ಲ ಕಡೆಯೂ ಇಂಥವರಿರುತ್ತಾರೆ. ಹಲವರು ನಿವೃತ್ತ ವಾಯುಪಡೆಯವರು, ಎಂಜಿನಿಯರುಗಳು. ಫಲಕಗಳಲ್ಲಿ ಇಲ್ಲದ್ದು ಅವರಿಂದ ತಿಳಿಯುತ್ತದೆ. ನಿರ್ದಿಷ್ಟವಾದ ಒಂದು ಪ್ರಶ್ನೆ ಇಟ್ಟುಕೊಂಡು ಹೋಗಿ ಕೇಳಿ ನೋಡಿ.

ಜರ್ಮನಿಯಲ್ಲಿ ನನ್ನನ್ನು ಕಾದಿದ್ದದ್ದು ಮಾರುತ್ ಯುದ್ಧವಿಮಾನ. ಮ್ಯೂನಿಕ್ ಹೊರವಲಯದ ಶ್ಲೈಸ್‌ಹೈಮ್‌ನಲ್ಲಿ ಮೊದಲ ಮಹಾಯುದ್ಧದ ಕಾಲದ ಹಳೆಯ ವಾಯುನೆಲೆಯೊಂದಿದೆ. 1992ರಿಂದ ಅದು ಮ್ಯೂನಿಕ್‌ನ ವಿಜ್ಞಾನ-ತಂತ್ರಜ್ಞಾನ ಸಂಗ್ರಹಾಲಯವಾದ ಡಾಯ್ಚೆಸ್ ಮ್ಯೂಸಿಯಂನ ಶಾಖೆ. ನಗರದಿಂದ ಎಸ್1 ರೈಲಿನಲ್ಲಿ ಓಬರ್‌ಶ್ಲೈಸ್‌ಹೈಮ್‌ಗೆ ಬಂದು ಇಳಿದು ನಡೆಯಬೇಕು. ಮುಂದೆ ಈ ರೈಲು ಎರಡಾಗಿ ಬೇರೆಯಾಗುತ್ತದೆ, ಆದರೆ ನಮ್ಮ ನಿಲ್ದಾಣ ಅದಕ್ಕೂ ಮೊದಲೇ ಸಿಗುವುದರಿಂದ ಯಾವ ಬೋಗಿಯಲ್ಲಿ ಕುಳಿತರೂ ಚಿಂತೆಯಿಲ್ಲ.

ಎಚ್‌ಎಫ್-24 ಮಾರುತ್ ಬೆಂಗಳೂರಿನಲ್ಲೇ ರೂಪುಗೊಂಡ ಯುದ್ಧವಿಮಾನ. ವಿನ್ಯಾಸ ತಂಡದ ಮುಖ್ಯಸ್ಥ ಕುರ್ಟ್ ಟ್ಯಾಂಕ್, ಎರಡನೇ ಮಹಾಯುದ್ಧದಲ್ಲಿ ಫೋಕೆ-ವುಲ್ಫ್ 190 ವಿಮಾನ ರೂಪಿಸಿದ್ದ ಜರ್ಮನ್. 1956ರಲ್ಲಿ ಬೆಂಗಳೂರಿಗೆ ಬಂದರು. ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿ ಡಕೋಟಾ ವಿಮಾನಕ್ಕೆ ಕಟ್ಟಿ ಎಳೆದು ಹಾರಿಸಿ ಪರೀಕ್ಷಿಸಿದರು. 1961ರ ಜೂನ್‌ನಲ್ಲಿ ಪರೀಕ್ಷಾ ಪೈಲಟ್ ಸುರಂಜನ್ ದಾಸ್ ನಿಜವಾದ ಮಾರುತ್ ಹಾರಿಸಿದರು. 1970ರಲ್ಲಿ ಮಾರುತ್ ಪರೀಕ್ಷಿಸುವಾಗಲೇ ಅವರು ಪ್ರಾಣ ಕಳೆದುಕೊಂಡರು.

ಇದನ್ನು ನೋಡುವಾಗ ಪಕ್ಕಕ್ಕೆ ಸರಿದು, ರೆಕ್ಕೆ ಸೇರುವಲ್ಲಿ ಒಡಲು ಸೊಂಟದಂತೆ ಸಣ್ಣಗಾಗುವುದನ್ನು ಗಮನಿಸಿ. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ಕಡಿಮೆಯಾಗಲೆಂದು ಮಾಡಿದ್ದು. ಮೂತಿಯ ಎರಡೂ ಬದಿ 30 ಮಿ.ಮೀ.ನ ಎರಡೆರಡು ತೋಪುಗಳ ಬಾಯಿ. ಒಡಲೊಳಗೆ ಜೋಡಿ ಆರ್ಫಿಯಸ್ ಎಂಜಿನ್. ವಿನ್ಯಾಸಕ್ಕೆ ತಕ್ಕ ಬಲಶಾಲಿ ಎಂಜಿನ್ ಕೊನೆಗೂ ಒದಗಲಿಲ್ಲ, ಹಾಗಾಗಿ ಶಬ್ದವೇಗ ದಾಟಲೆಂದು ಹುಟ್ಟಿದ ವಿಮಾನ ನೇರ ಹಾರಾಟದಲ್ಲಿ ಅದನ್ನು ದಾಟಲಿಲ್ಲ. ಆದರೂ 1971ರಲ್ಲಿ ರಾಜಸ್ಥಾನ ಗಡಿಯಲ್ಲಿ ಹೋರಾಡಿತು. ಗುಂಡು ತಗುಲಿ ಒಂದು ಎಂಜಿನ್ ನಿಂತಾಗಲೂ ಇನ್ನೊಂದರ ಬಲದಿಂದ ಮರಳಿ ಬಂದ ಮಾರುತ್‌ಗಳಿವೆ. ಅದನ್ನು ಸೋತ ವಿಮಾನ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಹೊರಡುವ ಮೊದಲು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯದ ಮಾರುತ್ ಮತ್ತು ಎಚ್‌ಎಎಲ್ ಪಾರಂಪರಿಕ ಕೇಂದ್ರ ನೋಡಿಕೊಂಡು ಹೋಗಿ. ಆಗ ಹೊರದೇಶದಲ್ಲಿ ಏನನ್ನು ಹುಡುಕಬೇಕೆಂದು ಕಣ್ಣಿಗೆ ತಿಳಿದಿರುತ್ತದೆ. ಚಿತ್ರ ತೆಗೆಯುವಾಗ ನಾನು ಮೊದಲು ಮಾಹಿತಿ ಫಲಕ, ಆಮೇಲೆ ಕ್ರಮಸಂಖ್ಯೆ, ಕೊನೆಗೆ ವಿಮಾನ ಎಂಬ ಕ್ರಮ ಇಟ್ಟುಕೊಂಡಿದ್ದೇನೆ. ಊರಿಗೆ ಬಂದ ಮೇಲೆ ಯಾವುದು ಯಾವುದೆಂದು ಗೊಂದಲವಾಗುವುದಿಲ್ಲ.

ಮೈಬಣ್ಣ ನೋಡಿ ವಿಮಾನದ ಊರು ಹೇಳಲಾಗದು ಎಂಬುದನ್ನೂ ನೆನಪಿಡಿ. ಕೆನಡಾದ ಒಟ್ಟಾವಾದಲ್ಲಿರುವ ಲಿಬರೇಟರ್‌ಗೆ ಆ ದೇಶದ ವಾಯುಪಡೆಯ ಗುರುತುಗಳಿವೆ. ಅಮೆರಿಕದ ಅರಿಜೋನಾದಲ್ಲಿ ಪೀಮಾ ಸಂಗ್ರಹಾಲಯದ ಲಿಬರೇಟರ್ ಅಮೆರಿಕದ ಬಣ್ಣ ತೊಟ್ಟಿದೆ. ಎರಡೂ ಭಾರತೀಯ ವಾಯುಪಡೆಯಲ್ಲಿ ಹಾರಿದವು. ಅವೆರಡೂ ನನಗಿನ್ನೂ ಬಾಕಿ. ದುರಸ್ತಿಗೆಂದು ವಿಮಾನವನ್ನು ಒಳಗೆ ಎಳೆದಿರುವುದೂ, ಸಭಾಂಗಣ ಮುಚ್ಚಿರುವುದೂ ಉಂಟು. ಆದ್ದರಿಂದ ಟಿಕೆಟ್ ಕಾಯ್ದಿರಿಸುವ ಮೊದಲೇ ಪ್ರದರ್ಶನದಲ್ಲಿದೆಯೇ ಎಂದು ಇಮೇಲ್ ಬರೆದು ಕೇಳುತ್ತೇನೆ. ಒಟ್ಟಾವಾಕ್ಕೆ ಬರೆದಾಗಿದೆ, ಉತ್ತರಕ್ಕೆ ಕಾಯುತ್ತಿದ್ದೇನೆ.