ಪಾಠ ಕೇಳಿದ್ದು ಬೇರೆಯವನು

ಶಿರಸಿಯ ಒಂದು ಅಡಿಕೆ ವ್ಯಾಪಾರದ ಕಚೇರಿಗೆ ಮೇಲ್ ಸರ್ವರ್ ನೋಡಿಕೊಡುತ್ತೇನೆ. ಹೋದ ಮಳೆಗಾಲದಲ್ಲಿ ಅವರ ಇನ್‌ಬಾಕ್ಸ್‌ಗೂ ಮಳೆ ಹಿಡಿಯಿತು: ಲಾಟರಿ, ಸಾಲ, ತೂಕ ಇಳಿಸುವ ಮಾತ್ರೆ. ಹಿರಿಯ ಗುಮಾಸ್ತರು ಫೋನ್ ಮಾಡಿ, “ತಮಾ, ನಿನ್ನ ಜರಡಿ ಕಣ್ಣು ದೊಡ್ಡಾಯ್ದು ಕಾಣ್ತು” ಅಂದರು.

ಜರಡಿ ಅಂದರೆ ಸ್ಪ್ಯಾಮ್‌ಅಸ್ಯಾಸಿನ್, ಕಸದ ಮೇಲ್ (ಸ್ಪ್ಯಾಮ್) ಸೋಸುವ ತಂತ್ರಾಂಶ. ಪ್ರತಿ ಮೇಲ್‌ಗೂ ಅಂಕ ಹಾಕುತ್ತದೆ, 5 ಮುಟ್ಟಿದರೆ ಸ್ಪ್ಯಾಮ್. ನಾನು ಅವಸರದಲ್ಲಿ ಮಿತಿಯನ್ನು 3ಕ್ಕೆ ಇಳಿಸಿದೆ. ಮಾರನೇ ದಿನವೇ ಗುಜರಾತಿನ ಚಾಲಿ ಅಡಿಕೆ ಖರೀದಿದಾರರ ಮೇಲ್ ಜಂಕ್‌ಗೆ ಬಿತ್ತು. ಬೈಸಿಕೊಂಡು ಮತ್ತೆ 5ಕ್ಕೆ ತಂದೆ.

ಮೊದಲೇ ಮಾಡಬೇಕಿದ್ದ ಕೆಲಸ ಆಮೇಲೆ ಮಾಡಿದೆ: ನುಸುಳಿ ಬಂದ ಒಂದು ಮೇಲ್‌ನ ಹೆಡರ್, ಅಂದರೆ ಮೇಲ್‌ನ ತಲೆಯಲ್ಲಿ ಅಡಗಿರುವ ತಾಂತ್ರಿಕ ವಿವರ, ಓದಿದೆ. ಅಂಕ ಬರೀ 2.1. ಪಕ್ಕದಲ್ಲಿ ‘ಯುಆರ್‌ಐಬಿಎಲ್ ಬ್ಲಾಕ್ಡ್’. ಮೇಲ್‌ನೊಳಗಿನ ಲಿಂಕ್ ಕೆಟ್ಟದ್ದೋ ಎಂದು ಜರಡಿ ಡಿಎನ್‌ಎಸ್ (ಇಂಟರ್ನೆಟ್ಟಿನ ಹೆಸರು-ವಿಳಾಸ ಹುಡುಕುವ ವ್ಯವಸ್ಥೆ) ಮೂಲಕ ಯುಆರ್‌ಐಬಿಎಲ್ ಎಂಬ ಕಪ್ಪುಪಟ್ಟಿಯನ್ನು ವಿಚಾರಿಸುತ್ತದೆ. ನಮ್ಮ ಸರ್ವರ್ ವಿಚಾರಿಸುತ್ತಿದ್ದದ್ದು 8.8.8.8 ಎಂಬ ಸಾರ್ವಜನಿಕ ಡಿಎನ್‌ಎಸ್ ಮೂಲಕ. ಊರವರೆಲ್ಲ ಅದೇ ಬಾಗಿಲಲ್ಲಿ ನಿಂತು ಕೇಳುವುದರಿಂದ ಪಟ್ಟಿಯವರ ಉಚಿತ ಮಿತಿ ಮುಗಿದು, ಉತ್ತರದ ಬದಲು ‘ಬ್ಲಾಕ್ಡ್’ ಎಂದಷ್ಟೇ ಬರುತ್ತದೆ. ಸರ್ವರ್‌ನಲ್ಲೇ ಅನ್‌ಬೌಂಡ್ ಎಂಬ ನಮ್ಮದೇ ಡಿಎನ್‌ಎಸ್ ತಂತ್ರಾಂಶ ಕೂರಿಸಿ, ಯಾರಿಗೂ ಫಾರ್ವರ್ಡ್ ಮಾಡದೆ ತಾನೇ ಹುಡುಕುವಂತೆ ಇಟ್ಟೆ. ಅರ್ಧ ಕಸ ನಿಂತಿತು.

ಉಳಿದರ್ಧಕ್ಕೆ ಎರಡು ಸಂಜೆ ಹೋಯಿತು. ಹೆಡರ್‌ನಲ್ಲಿ ಬೇಯ್ಸ್ ಹೆಸರೇ ಇಲ್ಲ; ಅದು ಹಳೆಯ ಮೇಲ್‌ಗಳ ಮಾತುಗಳಿಂದ ಕಲಿತು ಅಂಕ ಹಾಕುವ ಜರಡಿಯ ಭಾಗ. ಖಾತ್ರಿ ಸ್ಪ್ಯಾಮ್ ಎನಿಸಿದರೆ ಅದೊಂದೇ 3.5 ಅಂಕ ಕೊಡುತ್ತದೆ. ಆದರೆ 200 ಕಸ, 200 ಒಳ್ಳೆಯ ಮೇಲ್ ಕಲಿಯುವ ತನಕ ಬಾಯಿ ಬಿಡುವುದಿಲ್ಲ. ನಾನೋ ಪ್ರತಿ ಶನಿವಾರ ಕಲಿಸುತ್ತಲೇ ಇದ್ದೆ! ಕಲಿತದ್ದೆಷ್ಟು ಎಂದು ‘ಎಸ್ಎ-ಲರ್ನ್ ಡಂಪ್ ಮ್ಯಾಜಿಕ್’ ಕೊಟ್ಟರೆ ಕಸ 640, ಒಳ್ಳೆಯದು 310. ಎಲ್ಲ ಸರಿ. ಎರಡನೇ ಸಂಜೆ, ಫಿಲ್ಟರ್ ಯಾವ ಯೂಸರ್ ಹೆಸರಲ್ಲಿ ಓಡುತ್ತದೋ ಆ ಹೆಸರಲ್ಲಿ ಅದೇ ಕಮಾಂಡ್ ಕೊಟ್ಟೆ. ಸೊನ್ನೆ, ಸೊನ್ನೆ. ಕಲಿತದ್ದು ಯೂಸರ್‌ಗೊಂದರಂತೆ ಬೇರೆಬೇರೆ ಉಳಿಯುತ್ತದೆ; ಇಷ್ಟು ದಿನ ನಾನು ರೂಟ್ (ಸರ್ವರ್‌ನ ಯಜಮಾನ ಖಾತೆ) ಆಗಿ ಕೂತು ರೂಟ್‌ಗೇ ಪಾಠ ಹೇಳಿದ್ದೆ. ಮೇಲ್ ಸೋಸುವವನಿಗೆ ಒಂದಕ್ಷರ ಗೊತ್ತಿಲ್ಲ.

ಸರಿಯಾದ ಯೂಸರ್‌ಗೆ ಮೊದಲಿಂದ ಕಲಿಸಿದೆ. ಒಳ್ಳೆಯ ಮೇಲ್‌ಗಳನ್ನು ಗುಮಾಸ್ತರೇ ಆರಿಸಿಕೊಟ್ಟರು: ರಾಶಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆ ಬಗೆಗಳು, ತೂಕದ ಚೀಟಿ. ಲಾಟರಿಯವನು ಯಾವತ್ತೂ ಬರೆಯದ ಮಾತುಗಳು.

ವಾರ ಕಳೆದು ಮತ್ತೆ ಫೋನ್. “ತಮಾ, ಮೇಲೇ ಬತ್ತಾ ಇಲ್ಲೆ. ಸರ್ವರ್ ಬಂದ್ ಆಯ್ದಾ?” ಲಾಗ್ ನೋಡಿದೆ. ಅವತ್ತು ಅವರಿಗೆ ಬರಬೇಕಾಗಿದ್ದದ್ದೇ ನಾಲ್ಕು ಮೇಲ್.