ಹಿಂದಿನ ಸೀಟಿನ ಗೆಳೆಯರನ್ನೇ ಕೆಲಸಕ್ಕೆ ಹಚ್ಚಿದೆ

ನನ್ನ ಡ್ರೈವಿಂಗ್ ಶಾಲೆಯ ತರಬೇತಿ ಹೇಗಿದೆ ಎಂದು ತಿಳಿಯಲು ನಾನು ಟೆಸ್ಟ್ ಟ್ರ್ಯಾಕಿನ ಫಲಿತಾಂಶ ನೋಡುವುದಿಲ್ಲ. ಟಿಂಕರಿಂಗ್ ಗ್ಯಾರೇಜಿನಲ್ಲಿ ಕುಳಿತು ಒಂದು ಲೋಟ ಚಹಾ ಕುಡಿದರೆ ಸಾಕು. ತೀರ್ಥಹಳ್ಳಿ ಚಿಕ್ಕ ಊರು. ಯಾರ ಮನೆಯ ಬಂಪರನ್ನು ಯಾವ ಮಗ ಒಡೆದ ಎನ್ನುವುದು ಅಲ್ಲಿ ಸಂಜೆಯೊಳಗೆ ಗೊತ್ತಾಗುತ್ತದೆ. ಐದಾರು ವರ್ಷಗಳ ಹಿಂದೆ ಆ ಪಟ್ಟಿಯಲ್ಲಿ ನನ್ನ ಶಾಲೆಯ ಹುಡುಗರೇ ಹೆಚ್ಚಾಗಿದ್ದರು, ಅದೂ ಮೊದಲ ಸಲಕ್ಕೇ ಡಿಎಲ್ ಪಡೆದವರು! ಕಳೆದೆರಡು ವರ್ಷಗಳಲ್ಲಿ ನನ್ನ ಕಡೆಯಿಂದ ಅಲ್ಲಿಗೆ ಹೋದ ಕಾರುಗಳು ಮೂರೋ ನಾಲ್ಕೋ. ಅದರಲ್ಲೂ ಒಂದರ ಮೇಲೆ ಹಲಸಿನಕಾಯಿ ಬಿದ್ದದ್ದು. ಅದನ್ನು ನನ್ನ ಲೆಕ್ಕಕ್ಕೆ ಸೇರಿಸಬೇಡಿ.

ಟೆಸ್ಟ್ ಪಾಸಾಗುವುದಷ್ಟೇ ಸಾಲದು, ಆಮೇಲೂ ಜೋಪಾನವಾಗಿ ಓಡಿಸುವುದನ್ನು ಕಲಿಸಬೇಕು ಎಂದು ನಾನು ಹೊರಟಾಗ ನಮ್ಮ ವೃತ್ತಿಯವರೇ ನಕ್ಕರು. “ಪಾಸ್ ಮಾಡಿಸಿ ಕಳಿಸಿದರೆ ಮುಗಿಯಿತು, ಆಮೇಲಿನದು ಅವರಪ್ಪನ ತಲೆನೋವು. ನೀವೇಕೆ ಪೆಟ್ರೋಲ್ ಸುರಿದು ಪುಣ್ಯ ಕಟ್ಟಿಕೊಳ್ಳುತ್ತೀರಿ ಮೇಷ್ಟ್ರೇ?” ಎಂದವರೊಬ್ಬರು ಮೊನ್ನೆ ಅವರ ತಂಗಿಯ ಮಗನನ್ನು ನನ್ನ ಬಳಿ ಸೇರಿಸಿ ಹೋದರು. ಹಾಗಾಗಿ ಬರೆಯುವ ಹಕ್ಕು ಬಂದಿದೆ ಎಂದುಕೊಂಡಿದ್ದೇನೆ.

ಪಿಯುಸಿ ಪರೀಕ್ಷೆ ಮುಗಿಸಿ ಬರುವ ಹುಡುಗರಿಗೆ ಕ್ಲಚ್, ಗೇರ್ ಒಂದು ಸಮಸ್ಯೆಯೇ ಅಲ್ಲ. ನಲವತ್ತು ದಾಟಿದವರಿಗೆ ಹಾಫ್ ಕ್ಲಚ್ (ಕ್ಲಚ್ ಪೆಡಲನ್ನು ಅರ್ಧ ಬಿಟ್ಟು ಹಿಡಿಯುವುದು) ಹಿಡಿಯಲು ಹತ್ತು ದಿನ ಬೇಕಾದರೆ ಇವರಿಗೆ ಮೂರು ದಿನ ಸಾಕು. ತೊಂದರೆ ಶುರುವಾಗುವುದೇ ಅಲ್ಲಿಂದ. ಕೈಕಾಲು ಕಲಿತ ಮಾತ್ರಕ್ಕೆ ಚಾಲಕನಾದೆ ಎಂದುಕೊಳ್ಳುತ್ತಾರೆ. ನಿಯಮದ ಪ್ರಕಾರ ಕನಿಷ್ಠ 21 ದಿನಗಳ ತರಬೇತಿ, 10 ಗಂಟೆಗಳ ಚಾಲನೆ ಆಗಬೇಕು. ಆದರೆ ಕಲಿಯುವವರು ಓಡಿಸಿದ ಗಂಟೆಗಳನ್ನು ಬರೆಯುವ ಫಾರಂ 15ರಲ್ಲಿ ಪೆನ್ನು ಓಡಿದಷ್ಟು ರಸ್ತೆಯಲ್ಲಿ ಕಾರು ಓಡುವುದಿಲ್ಲ ಎನ್ನುವುದು ನಮಗೆಲ್ಲ ಗೊತ್ತು.

ನ್ಯೂಜಿಲೆಂಡ್ 1987ರಲ್ಲೇ ಹಂತಹಂತದ ಪರವಾನಗಿ ತಂದಿತು. ಅಲ್ಲಿ ಹೊಸ ಚಾಲಕರು ಒಂದಷ್ಟು ಕಾಲ ಒಬ್ಬರೇ ರಾತ್ರಿ ಹೊತ್ತು ಓಡಿಸುವಂತಿಲ್ಲ, ಗೆಳೆಯರನ್ನು ತುಂಬಿಕೊಂಡು ಹೋಗುವಂತಿಲ್ಲ. ಅಮೆರಿಕದ ಹಲವು ರಾಜ್ಯಗಳೂ ಅದೇ ದಾರಿ ಹಿಡಿದವು. ನಮ್ಮಲ್ಲಿ ಡಿಎಲ್ ಕೈಗೆ ಬಂದ ಸಂಜೆಯೇ ಅಪ್ಪನ ಕಾರಿನಲ್ಲಿ ಐದು ಜನ ಕುಂದಾದ್ರಿ ಬೆಟ್ಟಕ್ಕೆ ಹೊರಡುತ್ತಾರೆ. ಗ್ಯಾರೇಜಿಗೆ ಬಂದ ಕಾರುಗಳ ಕಥೆ ಕೇಳಿದಾಗಲೂ ಬಹುಪಾಲು ಇದೇ: ಓಡಿಸುತ್ತಿದ್ದವನು ಒಬ್ಬ, ಹಿಂದಿನಿಂದ “ಹೊಡಿ, ಹೊಡಿ, ಓವರ್‌ಟೇಕ್ ಮಾಡು” ಎಂದವರು ಮೂವರು.

ಇದಕ್ಕೆ ಮದ್ದು ಹುಡುಕಲು ಸುರಿದ ಹಣ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೊದಲು ಅಪಘಾತದ ಚಿತ್ರಗಳನ್ನು ತೋರಿಸಿದೆ. ಒಂದಿಬ್ಬರು ಮುಖ ತಿರುಗಿಸಿದರು, ಉಳಿದವರು ಮೊಬೈಲ್ ತೆಗೆದರು. ನಂತರ ನಾಲ್ಕು ಸಾವಿರದ ಡ್ಯಾಶ್ ಕ್ಯಾಮೆರಾ ತಂದೆ. ಸಂಜೆ ವಿಡಿಯೋ ತೋರಿಸಿ ತಿದ್ದುವ ಯೋಜನೆ ಚೆನ್ನಾಗಿಯೇ ಇತ್ತು, ಆದರೆ ಅಪ್ಪಂದಿರು ಪ್ರತಿ ಕೇಳಲು ಶುರು ಮಾಡಿದರು. ಮನೆಯಲ್ಲಿ ಮಹಾಭಾರತ, ಹುಡುಗ ತರಗತಿಗೆ ಚಕ್ಕರ್. ಆಮೇಲೆ ಮೂವತ್ತು ಸಾವಿರದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಜೋಡಿಸುವ ಸ್ಟಿಯರಿಂಗ್, ಪೆಡಲ್ ಸೆಟ್ ಕೊಂಡೆ. ಅದರಲ್ಲಿ ಗುದ್ದಿದರೆ ಮತ್ತೊಮ್ಮೆ ಆಟ ಶುರುವಾಗುತ್ತದೆ, ಅಷ್ಟೇ. ವೇಗ ಹೆಚ್ಚಿತೇ ಹೊರತು ಬುದ್ಧಿ ಬರಲಿಲ್ಲ. ಅರ್ಧ ಬೆಲೆಗೆ ಮಾರಿದೆ.

ಕೊನೆಗೆ ಗೆಲುವು ಕಂಡದ್ದು ಯಾವ ಸಲಕರಣೆಯನ್ನೂ ಕೊಳ್ಳಬೇಕಿಲ್ಲದ ಉಪಾಯದಲ್ಲಿ. ಗೆಳೆಯರನ್ನು ದೂರ ಇಡುವ ಬದಲು ಒಂದೇ ಬ್ಯಾಚಿಗೆ ಸೇರಿಸಿಕೊಂಡೆ. ಮೂವರು ಒಟ್ಟಿಗೆ ಬಂದರೆ ತಲಾ ಐನೂರು ರೂಪಾಯಿ ಕಡಿಮೆ. ಒಬ್ಬ ಓಡಿಸುತ್ತಾನೆ, ಇಬ್ಬರು ಹಿಂದೆ. ಓಡಿಸುವವನು ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು: “ಎಡಕ್ಕೆ ಬಸ್ ನಿಂತಿದೆ, ಮುಂದಿನಿಂದ ಯಾರಾದರೂ ದಾಟಬಹುದು, ಹಸುವಿನ ಬಾಲ ಕಾಣುತ್ತಿದೆ, ತಲೆ ಕಾಣುತ್ತಿಲ್ಲ, ಎದುರಿನ ಪಿಕಪ್ ಹಿಂದೆ ಬೈಕ್ ಇದೆ.” ಅವನು ಬಿಟ್ಟದ್ದನ್ನು ಹಿಂದಿನವರು ಎಣಿಸುತ್ತಾರೆ. ಹೆಚ್ಚು ಬಿಟ್ಟವನು ಮಸಾಲೆ ಮಂಡಕ್ಕಿ ಕೊಡಿಸಬೇಕು. ನಾನು ನೂರು ಸಲ ಹೇಳಿದರೂ ಕನ್ನಡಿ ನೋಡದವನು, ಗೆಳೆಯ “ಕನ್ನಡಿ ಬಿಟ್ಟೆಯಲ್ಲೋ” ಎಂದರೆ ಮರುದಿನದಿಂದ ನೋಡುತ್ತಾನೆ. ಈ ವಯಸ್ಸಿನವರಿಗೆ ಗುರುವಿನ ಬೈಗುಳಕ್ಕಿಂತ ಗೆಳೆಯನ ನಗು ಚುಚ್ಚುತ್ತದೆ.

ಶುರುವಿನಲ್ಲಿ ಮೊದಲ ಐದು ದಿನ ನಾನು ಓಡಿಸುತ್ತಿದ್ದೆ, ಅವರು ಬರೀ ಹೇಳುತ್ತಿದ್ದರು. ಇದಕ್ಕೆ ಬಂದ ದೂರುಗಳು ಅಷ್ಟಿಷ್ಟಲ್ಲ. “ದುಡ್ಡು ಕೊಟ್ಟದ್ದು ಸ್ಟಿಯರಿಂಗ್ ಹಿಡಿಯಲು, ಕಾಮೆಂಟರಿ ಹೇಳಲು ಅಲ್ಲ” ಎಂದು ಅಡಿಕೆ ಮಂಡಿಯ ಯಜಮಾನರೊಬ್ಬರು ಶುಲ್ಕ ವಾಪಸ್ ತೆಗೆದುಕೊಂಡು ಹೋದರು. ಆ ಬೇಸಿಗೆಯಲ್ಲಿ ಮೂರನೇ ಒಂದು ಭಾಗ ಹುಡುಗರು ಬಿಟ್ಟರು. ಕಾರಿನ ಕಂತು ಕಟ್ಟಲು ಹೆಂಡತಿಯ ಸಂಘದಿಂದ ಸಾಲ ತೆಗೆದೆ. ಈಗ ಐದು ದಿನವನ್ನು ಮೂರಕ್ಕೆ ಇಳಿಸಿ, ಕೊನೆಯ ಹದಿನೈದು ನಿಮಿಷ ಮೈದಾನದಲ್ಲಿ ಸ್ಟಿಯರಿಂಗ್ ಕೊಡುತ್ತೇನೆ. ದೂರು ನಿಂತಿತು.

ಕೊನೆಯ ವಾರ ಗದ್ದಲದ ವಾರ. ಹಿಂದಿನವರಿಗೆ ಪೂರ್ತಿ ಸ್ವಾತಂತ್ರ್ಯ: ಹಾಡು ಹಾಕಬಹುದು, ಕೆಣಕಬಹುದು, ಫೋನ್ ಮಾಡಬಹುದು. ಓಡಿಸುವವನು “ಸುಮ್ಮನಿರ್ರೋ” ಎಂದು ಗದರಿ, ಅವರು ಕೇಳದಿದ್ದರೆ ಇಂಡಿಕೇಟರ್ ಹಾಕಿ ಪಕ್ಕಕ್ಕೆ ನಿಲ್ಲಿಸಬೇಕು. ನಿಲ್ಲಿಸಿದರೆ ಪಾಸ್. ಮಂಡಗದ್ದೆ ಕಡೆಗೆ ತುಂಗೆಯ ಪಕ್ಕದ ತಿರುವಿನ ರಸ್ತೆಯಲ್ಲಿ, ಬೆಳಿಗ್ಗೆ ಬೇಗ, ಡ್ಯುಯಲ್ ಕಂಟ್ರೋಲಿನ (ನನ್ನ ಕಡೆಗೂ ಇರುವ ಪೆಡಲುಗಳ) ಮೇಲೆ ನನ್ನ ಕಾಲಿಟ್ಟುಕೊಂಡೇ ಮಾಡಿಸುತ್ತೇನೆ. ಹೊರಡುವ ಮೊದಲು ಹಿಂದಿನ ಒಬ್ಬನ ಕಿವಿಯಲ್ಲಿ ಒಂದು ಮಾತು ಹೇಳುತ್ತೇನೆ. ಇಡೀ ವಾರದ ಕೀಲಿ ಅದರಲ್ಲಿದೆ. ಅದನ್ನಿಲ್ಲಿ ಬರೆಯುವುದಿಲ್ಲ. ಪಕ್ಕದ ಬೀದಿಯ ಡ್ರೈವಿಂಗ್ ಶಾಲೆಯವರೂ ಓದುತ್ತಾರೆ.

ಮೊಬೈಲಿಗೆ ಬೇರೆಯೇ ಪ್ರಯೋಗ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ಪರದೆ ನೋಡಿದರೆ ಕಾರು ಸುಮಾರು 33 ಮೀಟರ್ ಹೋಗಿರುತ್ತದೆ. ಮೈದಾನದಲ್ಲಿ ಟೇಪ್ ಹಿಡಿದು ಅಷ್ಟು ದೂರ ಅಳೆದು, ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುತ್ತೇನೆ. ಅರ್ಧ ದಾರಿಯಲ್ಲೇ ಕೈ ಮುಂದೆ ಚಾಚುತ್ತಾರೆ. ಜುಲೈ ಮಳೆಯಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಇಲ್ಲದ ನನ್ನ ಹಳೆಯ ಮಾರುತಿ 800 ತೆಗೆದುಕೊಂಡು ಹೋಗಿ ಒದ್ದೆ ಮೈದಾನದಲ್ಲಿ ಬ್ರೇಕ್ ಒತ್ತಿ ಜಾರಿಸಿ ತೋರಿಸುವುದೂ ಉಂಟು. ಅದರಿಂದ ಕಲಿಯುತ್ತಾರೋ, ಬರೀ ಖುಷಿಪಡುತ್ತಾರೋ, ನನಗೆ ಇನ್ನೂ ಅನುಮಾನ.

ಹದಿನಾರರ ಮಕ್ಕಳನ್ನು ಕರೆತರುವ ಅಪ್ಪಂದಿರಿಗೆ ಭಾಷಣ ಮಾಡುವುದನ್ನು ಬಿಟ್ಟಿದ್ದೇನೆ. ಗೋಡೆಗೆ ಮೋಟಾರು ವಾಹನ ಕಾಯ್ದೆಯ 199ಎ ಕಲಮು ದೊಡ್ಡದಾಗಿ ಬರೆಸಿದ್ದೇನೆ: ಅಪ್ರಾಪ್ತರು ಕಾರು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ವಾಹನದ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಅಪ್ಪ ದಂಡದ ಮೊತ್ತ ಓದುತ್ತಾನೆ, ಮಗ ಕೊನೆಯ ಸಾಲು ಓದಿ ತಾನೇ ಅಪ್ಪನನ್ನು ಎಳೆದುಕೊಂಡು ಹೋಗುತ್ತಾನೆ. ಹೀಗೆ ವರ್ಷಕ್ಕೆ ಹತ್ತಿಪ್ಪತ್ತು ಗಿರಾಕಿಗಳು ತಪ್ಪುತ್ತಾರೆ, ತಪ್ಪಲಿ.

ಇನ್ನು ಲೆಕ್ಕ. ಈಗ ನನ್ನ ಶುಲ್ಕ ಏಳೂವರೆ ಸಾವಿರ, ಊರಿನ ಉಳಿದವರಿಗಿಂತ ಸಾವಿರ ಹೆಚ್ಚು. ಒಬ್ಬ ಹುಡುಗನ ಮೇಲೆ ಹೆಚ್ಚುವರಿ ಪೆಟ್ರೋಲ್ ಏಳೆಂಟು ನೂರು. ಗೆಳೆಯರ ರಿಯಾಯಿತಿ ಕಳೆದರೆ ಕೈಗೆ ಹತ್ತುವುದು ಅಷ್ಟಕ್ಕಷ್ಟೇ. ಲಾಭ ಬರುವುದು ಬೇರೆ ಕಡೆಯಿಂದ: ಹಿಂದೆ ಕುಳಿತು ಇನ್ನೊಬ್ಬನ ತಪ್ಪು ನೋಡಿದವನು ತನ್ನ ಸರದಿಯಲ್ಲಿ ಕ್ಲಚ್ ಸುಡುವುದು ಕಡಿಮೆ. ಮೊದಲು ವರ್ಷಕ್ಕೊಂದು ಕ್ಲಚ್ ಪ್ಲೇಟ್ ಹಾಕಿಸುತ್ತಿದ್ದೆ, ಈಗಿನದು ಎರಡನೇ ವರ್ಷ ದಾಟಿದೆ. ಡಿಎಲ್ ಬಂದ ಮೇಲೆ ಆಗುಂಬೆ ಘಾಟಿಗೆ ಒಂದು ದಿನದ ಪಾಠವಿದೆ, ಅದಕ್ಕೆ ಪ್ರತ್ಯೇಕ ಒಂದೂವರೆ ಸಾವಿರ. 14 ಹೇರ್‌ಪಿನ್ ತಿರುವುಗಳಲ್ಲಿ ಇಳಿದು ಹತ್ತುವಷ್ಟರಲ್ಲಿ, ಹತ್ತುವವರಿಗೆ ದಾರಿ ಬಿಡಬೇಕು ಎನ್ನುವುದನ್ನು ಮತ್ತೆ ಹೇಳಬೇಕಾಗುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಕರೆದೊಯ್ಯುವುದಿಲ್ಲ, ಎಷ್ಟು ಕೊಟ್ಟರೂ.

ಈಗ ಮನೆಮನೆಗೆ ಆಟೊಮ್ಯಾಟಿಕ್ ಕಾರು ಬರುತ್ತಿದೆ. ಎಡಗಾಲಿಗೆ ಕೆಲಸವಿಲ್ಲದ ಹುಡುಗನ ಕೈಗೆ ಫೋನ್ ಇನ್ನೂ ಬೇಗ ಹೋಗುತ್ತದೆ. ಅಂಥದ್ದೊಂದು ಸೆಕೆಂಡ್ ಹ್ಯಾಂಡ್ ಕಾರಿಗೆ ಬ್ಯಾಂಕಿನಲ್ಲಿ ಸಾಲ ಕೇಳಿದ್ದೇನೆ. ಸಿಕ್ಕರೆ ಮುಂದಿನ ಏಪ್ರಿಲ್ ಬ್ಯಾಚಿಗೆ ಗದ್ದಲದ ವಾರವನ್ನು ಅದರಲ್ಲೇ ಮಾಡಿಸುತ್ತೇನೆ.